ರೂಪಾಂತರವೋ, ಹಸ್ತಾಂತರವೋ? ಯಕ್ಷಗಾನ ಸಂಶೋಧನೆಯ ಪರಿಭಾಷೆಯನ್ನು ಕುರಿತು

ಕನ್ನಡ ಸಂಶೋಧನಾ ಬರವಣಿಗೆಯಲ್ಲಿ ‘ಪರಿವರ್ತನೆ’, ‘ರೂಪಾಂತರ’, ‘ನವೀಕರಣ’, ‘ಪುನರುಜ್ಜೀವನ’, ‘ಹಸ್ತಾಂತರ’ ಎಂಬ ಪದಗಳು ಹೇರಳವಾಗಿ ಬಳಕೆಯಾಗುತ್ತಿವೆ. ಟ್ರಾನ್ಸ್‌ಫಾರ್ಮೇಶನ್, ರಿನ್ಯೂವಲ್, ರಿವೈವಲ್, ಟ್ರಾನ್ಸ್‌ಮಿಶನ್ ಮೊದಲಾದ ಇಂಗ್ಲಿಷ್ ಪದಗಳಿಗೆ ಸಂವಾದಿಯಾಗಿ ನಾವು ಇವನ್ನು ಆರಿಸಿಕೊಂಡಿದ್ದೇವೆ. ಆಯ್ಕೆಯಲ್ಲಿ ತಪ್ಪಿಲ್ಲ. ಆದರೆ ಒಂದೇ ಪುಟದಲ್ಲಿ ಒಮ್ಮೆ ‘ಪರಿವರ್ತನೆ’ ಎಂದು, ಮುಂದಿನ ವಾಕ್ಯದಲ್ಲಿ ಪುನರುಕ್ತಿ ತಪ್ಪಿಸಲೆಂದು ‘ರೂಪಾಂತರ’ ಎಂದು, ಉಪಸಂಹಾರದಲ್ಲಿ ಭಾರ ಬರಲೆಂದು ‘ಪುನರುಜ್ಜೀವನ’ ಎಂದು ಬರೆಯುವ ರೂಢಿ ನಮ್ಮಲ್ಲಿ ಬೆಳೆದಿದೆ. ಈ ರೂಢಿ ಕೇವಲ ಶೈಲಿಯ ದೋಷವಲ್ಲ. ಅದು ತೀರ್ಮಾನದ ದೋಷ ಎಂಬುದು ನನ್ನ ಅಭಿಪ್ರಾಯ. ಬಡಗುತಿಟ್ಟು ಯಕ್ಷಗಾನವನ್ನು, ಅದರಲ್ಲೂ ಸಾಲಿಗ್ರಾಮದ ಪರಿಸರವನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ಮೊದಲು ಪದಗಳನ್ನೇ ನೋಡಬಹುದು. ‘ಹಸ್ತಾಂತರ’ ಮತ್ತು ‘ರೂಪಾಂತರ’ ಎರಡರ ಕೊನೆಯಲ್ಲೂ ಇರುವ ‘ಅಂತರ’ಕ್ಕೆ ‘ಬೇರೊಂದು’ ಎಂಬರ್ಥ. ಹಸ್ತಾಂತರದಲ್ಲಿ ಕೈ ಬೇರೆಯಾಗುತ್ತದೆ, ವಸ್ತು ಹಾಗೆಯೇ ಉಳಿಯುತ್ತದೆ. ರೂಪಾಂತರದಲ್ಲಿ ರೂಪ ಬೇರೆಯಾಗುತ್ತದೆ, ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ‘ಜೀರ್ಣೋದ್ಧಾರ’ ಎಂದವನು ವಸ್ತು ಜೀರ್ಣವಾಗಿತ್ತು ಎಂದು ಮೊದಲೇ ಒಪ್ಪಿಕೊಂಡಿರುತ್ತಾನೆ. ‘ಪುನರುಜ್ಜೀವನ’ ಎಂದವನು ಒಂದು ಸಾವನ್ನು ದಾಖಲಿಸಿರುತ್ತಾನೆ. ಪ್ರತಿಯೊಂದು ಪದವೂ ಹೀಗೆ ವಸ್ತುವಿನ ಹಿಂದಿನ ಸ್ಥಿತಿಯ ಬಗ್ಗೆ ಒಂದು ಹೇಳಿಕೆಯನ್ನು ಒಳಗಿಟ್ಟುಕೊಂಡೇ ಬರುತ್ತದೆ. ಸಂಶೋಧಕನು ಆಧಾರ ಒದಗಿಸಬೇಕಾದ ಹೇಳಿಕೆಯನ್ನು ಪದವೇ ಆಧಾರವಿಲ್ಲದೆ ಮಾಡಿಬಿಡುತ್ತದೆ.

ಇಂಗ್ಲಿಷ್‌ನ ‘ಟ್ರೆಡಿಷನ್’ ಎಂಬ ಪದ ‘ಕೈಗೊಪ್ಪಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ‘ದ್ರೋಹ ಬಗೆ’ ಎಂಬರ್ಥದ ‘ಬಿಟ್ರೇ’ಯ ಮೂಲವೂ ಅದೇ. ಕೊಡುವ ಕ್ರಿಯೆಯಲ್ಲೇ ಕೈಬಿಡುವ ಅಪಾಯವೂ ಇದೆ ಎಂಬುದನ್ನು ಆ ಭಾಷೆ ಬಲ್ಲುದು. ನಮ್ಮ ‘ಸಂಪ್ರದಾಯ’ದಲ್ಲಿಯೂ ಇರುವುದು ‘ಕೊಡು’ ಎಂಬರ್ಥದ ‘ದಾ’ ಧಾತುವೇ. ‘ಪರಂಪರೆ’ಯಾದರೋ ಒಂದರ ಅನಂತರ ಮತ್ತೊಂದು ಎಂಬ ಸರಣಿಯನ್ನಷ್ಟೇ ಹೇಳುತ್ತದೆ, ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ಹೇಳುವುದಿಲ್ಲ. ಇವೆರಡನ್ನೂ ನಾವು ಸಮಾನಾರ್ಥಕಗಳೆಂದೇ ಬಳಸುತ್ತಿದ್ದೇವೆ.

ಕನ್ನಡದ ‘ಒಪ್ಪಿಸು’ ಇವೆಲ್ಲಕ್ಕಿಂತ ಸೂಕ್ಷ್ಮವಾದ ಪದವೆಂದು ನನಗೆ ತೋರುತ್ತದೆ. ಅದು ‘ಒಪ್ಪು’ ಕ್ರಿಯಾಪದದ ಪ್ರೇರಣಾರ್ಥಕ. ಪಡೆಯುವವನ ಒಪ್ಪಿಗೆಯಿಲ್ಲದೆ ಒಪ್ಪಿಸುವುದು ಸಾಧ್ಯವಿಲ್ಲ. ಗುರು ಶಿಷ್ಯನಿಗೆ ವಿದ್ಯೆ ಒಪ್ಪಿಸುತ್ತಾನೆ, ಶಿಷ್ಯ ಗುರುವಿಗೆ ಪಾಠ ಒಪ್ಪಿಸುತ್ತಾನೆ. ಒಂದೇ ಪದ ಎರಡು ದಿಕ್ಕಿಗೂ ಸಲ್ಲುತ್ತದೆ. ಹಾರಾಡಿ, ಮಟಪಾಡಿ ಎಂಬ ಊರುಗಳ ಹೆಸರಿನಲ್ಲೇ ಗುರುತಿಸಲ್ಪಡುವ ಕುಣಿತದ ಶೈಲಿಗಳು ಉಳಿದುಬಂದುದು ಹೀಗೆ. ಹಾರಾಡಿ ರಾಮ ಗಾಣಿಗರ ಹೆಜ್ಜೆ ಮುಂದಿನವರಿಗೆ ವಸ್ತುವಿನಂತೆ ಹಸ್ತಾಂತರವಾಗಲಿಲ್ಲ. ನೋಡಿದವನ ಮೈ ಅದನ್ನು ಒಪ್ಪಿಕೊಂಡಾಗ ಅದು ತುಸು ಬೇರೆಯಾಯಿತು. ಅಲ್ಲಿ ಕೈಯೂ ಬದಲಾಯಿತು, ರೂಪವೂ ಬದಲಾಯಿತು. ಎರಡರಲ್ಲಿ ಒಂದನ್ನಷ್ಟೇ ಹೇಳುವ ಪದ ಇಲ್ಲಿ ಸಾಲದು.

ಈಗ ಸಾಲಿಗ್ರಾಮದ ನಿದರ್ಶನಕ್ಕೆ ಬರಬಹುದು. 1902ರಲ್ಲಿ ಪಕ್ಕದ ಕೋಟದಲ್ಲಿ ಹುಟ್ಟಿ, ದಶಕಗಳ ಕಾಲ ಪುತ್ತೂರಿನಲ್ಲಿ ನೆಲೆಸಿ, ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದ ಶಿವರಾಮ ಕಾರಂತರು (ನಿಧನ 1997) ಯಕ್ಷಗಾನದಲ್ಲಿ ನಡೆಸಿದ ಪ್ರಯೋಗಗಳು ಸುಪರಿಚಿತ. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ರಂಗದಲ್ಲಿ ಅವರು ಗದ್ಯದ ಮಾತುಗಾರಿಕೆಯನ್ನು ಕೈಬಿಟ್ಟು ಹಾಡು ಕುಣಿತಗಳಿಗೆ ಪ್ರಾಧಾನ್ಯ ಕೊಟ್ಟರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ತಂದರು. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಇದನ್ನು ಮೆಚ್ಚಿದವರು ‘ಪುನರುಜ್ಜೀವನ’ ಎಂದರು, ಮೆಚ್ಚದವರು ‘ವಿಕೃತಿ’ ಎಂದರು. ಎರಡೂ ತೀರ್ಪುಗಳೇ ಹೊರತು ವಿವರಣೆಗಳಲ್ಲ. ಕಾರಂತರು ಮಾಡಿದ್ದು ಆಯ್ಕೆ, ಸಂಕ್ಷೇಪ ಮತ್ತು ಸೇರ್ಪಡೆ. ಈ ಮೂರು ಪದಗಳಿಗೆ ಗಾಂಭೀರ್ಯ ಕಡಿಮೆ ಎನಿಸಬಹುದು, ಖಚಿತತೆ ಮಾತ್ರ ಹೆಚ್ಚು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ನನ್ನ ಮಹಾಪ್ರಬಂಧದ ಒಂದು ಅಧ್ಯಾಯಕ್ಕೆ ‘ಬಡಗುತಿಟ್ಟಿನ ಪುನರುಜ್ಜೀವನ’ ಎಂದು ಶೀರ್ಷಿಕೆ ಕೊಟ್ಟಿದ್ದೆ. ಕ್ಷೇತ್ರಕಾರ್ಯದ ವೇಳೆ ಸಾಲಿಗ್ರಾಮದ ಸಮೀಪದಲ್ಲಿರುವ ಹಿರಿಯ ಸ್ತ್ರೀವೇಷಧಾರಿಯೊಬ್ಬರಿಗೆ ಅದರ ಕೆಲವು ಪುಟಗಳನ್ನು ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಯಕ್ಷಗಾನ ಸತ್ತದ್ದು ಯಾವ ವರ್ಷ ಎಂದು ಕೇಳಿದರು. ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ನಾನು ಸತ್ತ ಕಾಲವೆಂದು ಸೂಚಿಸಿದ್ದ ವರ್ಷಗಳಲ್ಲಿ ಅವರು ಪ್ರತಿ ತಿರುಗಾಟದಲ್ಲೂ ಗೆಜ್ಜೆ ಕಟ್ಟಿದ್ದರು. ದೀಪಾವಳಿಯ ಅನಂತರ ಹೊರಟು ಮಳೆಗಾಲಕ್ಕೆ ಮುನ್ನ ಮರಳುವ ಮೇಳದಲ್ಲಿ ಊರೂರು ನಡೆದು ಕುಣಿದಿದ್ದರು. ನನ್ನ ಒಂದು ಪದ ಅವರ ದುಡಿಮೆಯ ಅಷ್ಟೂ ವರ್ಷಗಳನ್ನು ಅಳಿಸಿಹಾಕಿತ್ತು. ಮಂದಾರ್ತಿ, ಮಾರಣಕಟ್ಟೆ, ಅಮೃತೇಶ್ವರಿ ಮೇಳಗಳ ಅದೆಷ್ಟೋ ಅನಾಮಿಕ ಕಲಾವಿದರ ದುಡಿಮೆಯೂ ಅದರೊಂದಿಗೇ ಹೋಗಿತ್ತು. ಕಾರಂತರ ಪ್ರಯೋಗಗಳಲ್ಲಿ ಕುಣಿದವರೂ ಮೇಳಗಳಲ್ಲಿ ಪಳಗಿದ ಕಲಾವಿದರೇ ಆಗಿದ್ದರು ಎಂಬುದನ್ನು ನಾನು ಮರೆತಿದ್ದೆ. ಶೀರ್ಷಿಕೆಯನ್ನು ಬದಲಿಸಿದೆ. ಬದಲಿಸಿದ ಮೇಲೆ ಅಧ್ಯಾಯದ ವಾದವನ್ನೂ ಹೊಸದಾಗಿ ಕಟ್ಟಬೇಕಾಯಿತು.

ಕಲಾವಿದರ ಮಾತು ಈ ವಿಷಯದಲ್ಲಿ ನಮಗಿಂತ ನಿಖರವಾಗಿದೆ. ಮೊಟಕುಗೊಂಡ ಪ್ರದರ್ಶನವನ್ನು ಅವರು ‘ಕಾಲಮಿತಿ’ ಎನ್ನುತ್ತಾರೆ. ಬದಲಾದುದು ಕಾಲ ಎಂಬುದು ಪದದಲ್ಲೇ ಇದೆ. ಟಿಕೆಟಿನ ಪ್ರದರ್ಶನ ನೀಡುವ ತಂಡವನ್ನು ‘ಡೇರೆ ಮೇಳ’ ಎನ್ನುತ್ತಾರೆ. ಬಯಲಿಗೆ ಆವರಣ ಬಂತು ಎಂಬುದು ಅಲ್ಲಿ ಸ್ಪಷ್ಟ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು ಕಟ್ಟಿದ ತಂಡಕ್ಕೆ ‘ಸಾಲಿಗ್ರಾಮ ಮಕ್ಕಳ ಮೇಳ’ ಎಂದು ಹೆಸರು. ಪಡೆಯುವವರು ಯಾರು ಎಂಬುದನ್ನು ಅದು ನೇರವಾಗಿ ಹೇಳುತ್ತದೆ. ನಾವಾದರೋ ಈ ಮೂರನ್ನೂ ‘ಯಕ್ಷಗಾನದ ಪರಿವರ್ತನೆ’ ಎಂಬ ಒಂದೇ ತಲೆಬರಹದಡಿ ಕೂಡಿಸಿ ನಿಶ್ಚಿಂತರಾಗುತ್ತೇವೆ.

ಪಾರಿಭಾಷಿಕ ಪದಗಳು ಏಕರೂಪವಾಗಿರಬೇಕು, ಪ್ರತಿ ಸಂದರ್ಭಕ್ಕೂ ಬೇರೆ ಪದ ಹುಡುಕಿದರೆ ಶಾಸ್ತ್ರ ಬೆಳೆಯದು ಎಂಬ ಆಕ್ಷೇಪ ಬರಬಹುದು. ಏಕರೂಪತೆ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಒಂದು ಪದಕ್ಕೆ ಒಂದು ಅರ್ಥ ನಿಲ್ಲಬೇಕೆಂಬುದೇ ಏಕರೂಪತೆ. ಎಲ್ಲ ಅರ್ಥಕ್ಕೂ ಒಂದೇ ಪದ ಸಾಕೆಂಬುದಲ್ಲ. ಸಮಾನಾರ್ಥಕವನ್ನು ನಾವು ‘ಪರ್ಯಾಯ ಪದ’ ಎನ್ನುತ್ತೇವೆ. ಸಾಲಿಗ್ರಾಮದಿಂದ ದಕ್ಷಿಣಕ್ಕೆ ಉಡುಪಿಯಲ್ಲಿ ಇದೇ ‘ಪರ್ಯಾಯ’ಕ್ಕೆ ಸರದಿ ಎಂಬ ಮೂಲಾರ್ಥ ಜೀವಂತವಾಗಿದೆ. ಎರಡು ವರ್ಷಕ್ಕೊಮ್ಮೆ ನಿರ್ಗಮಿಸುವ ಯತಿಗಳು ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈಗಳನ್ನು ಮುಂದಿನವರಿಗೆ ಒಪ್ಪಿಸುತ್ತಾರೆ. ಎಂಟು ಮಠಗಳೂ ಪೂಜೆಗೆ ಅರ್ಹವೇ. ಆದರೆ ಪೀಠದಲ್ಲಿ ಒಂದು ಕಾಲಕ್ಕೆ ಕುಳಿತುಕೊಳ್ಳುವವರು ಒಬ್ಬರು, ಹೊಣೆಯೂ ಆ ಅವಧಿಗೆ ಅವರದೇ. ಪರ್ಯಾಯ ಪದಗಳನ್ನೂ ಹಾಗೆಯೇ ಕಾಣಬಹುದು. ಎಲ್ಲವೂ ಅರ್ಹವಾದರೂ ಈ ವಾಕ್ಯದಲ್ಲಿ ಯಾವುದರ ಸರದಿ ಎಂಬುದು ನಿಶ್ಚಯವಾಗಬೇಕು.

ಆದ್ದರಿಂದ ಸಂಶೋಧಕ ಮಿತ್ರರ ಪರಿಶೀಲನೆಗೆ ನಾಲ್ಕು ಪ್ರಶ್ನೆಗಳನ್ನು ಇಡುತ್ತೇನೆ: ಬದಲಾದುದು ಏನು? ಬದಲಿಸಿದವರು ಯಾರು? ಕೊಟ್ಟವರು, ಪಡೆದವರು ಯಾರು? ಈ ನಡುವೆ ಬಿಟ್ಟುಹೋದುದು ಏನು? ಇವುಗಳಿಗೆ ಉತ್ತರ ದೊರೆತ ಮೇಲೆ ಪದವನ್ನು ಆರಿಸೋಣ. ಉತ್ತರ ದೊರೆಯದಿದ್ದರೆ ‘ಬದಲಾಯಿತು’ ಎಂದಷ್ಟೇ ಬರೆದು ಮುಂದೆ ಹೋಗುವುದು ಲೇಸು. ಗೆಜ್ಜೆ ಕಟ್ಟಿ ಕುಣಿದವರ ಮುಂದೆ ನಮ್ಮ ಅಧ್ಯಾಯವನ್ನು ಓದಿ ಹೇಳಲು ಅಂಜಿಕೆಯಾಗದಂತೆ ಬರೆಯುವುದು ಪರಿಭಾಷೆಗೂ ಒಂದು ಒಳ್ಳೆಯ ಪರೀಕ್ಷೆ.