ರೌಟರ್ ಡಬ್ಬದ ಮೇಲೆ ಇರಬೇಕಾದ ಇನ್ನೊಂದು ತಾರೀಖು

ದೊಡ್ಡಗಾಜನೂರಿನ ಮನೆಯೊಂದಕ್ಕೆ ವೈಫೈ ರೌಟರ್ ಬೇಕೆಂದರೆ ಮೊದಲು ನೆನಪಾಗುವುದು ಗಡಿಯಾಚೆಯ ಅಂಗಡಿ. ಊರು ಸೇರಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಗೆ, ತಾಳವಾಡಿ ತಾಲ್ಲೂಕಿಗೆ. ಆದರೆ ಈರೋಡಿನ ಕಡೆ ಇಳಿಯಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ ಹಾಯ್ದು ಸತ್ಯಮಂಗಲ ಸೇರಬೇಕು. ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹೋಗುವ ಆ ರಸ್ತೆಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ, ಅಲ್ಲಿನ ಮಾತೂ ಮನೆಮಾತೇ. 1956ರ ಭಾಷಾವಾರು ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಆಡಳಿತ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಎಂಬ ಸ್ಥಿತಿ ಇಲ್ಲಿನವರಿಗೆ ಹೊಸದಲ್ಲ.

ಅಂಗಡಿಯಲ್ಲಿ ಎದುರಾಗುವ ಹೆಸರುಗಳು ಟಿಪಿ-ಲಿಂಕ್, ಡಿ-ಲಿಂಕ್, ಟೆಂಡಾ, ನೆಟ್‌ಗಿಯರ್. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಯಾವ ಕಂಪನಿಯದು ಒಳ್ಳೇದು?’ ಉತ್ತರವಾಗಿ ಒಂದು ಹೆಸರು ಹೇಳಿ ಕಳಿಸುವುದು ಸುಲಭ. ಕೊಳ್ಳುವವರಿಗೆ ಅದರಿಂದ ಆಗುವ ಉಪಕಾರ ಮಾತ್ರ ತೀರ ಕಡಿಮೆ. ಹೆಚ್ಚಿನ ಕಂಪನಿಗಳು ರೌಟರಿನೊಳಗೆ ಹಾಕುವ ಚಿಪ್ ತಾವೇ ಮಾಡಿದ್ದಲ್ಲ. ಬ್ರಾಡ್‌ಕಾಮ್, ಕ್ವಾಲ್‌ಕಾಮ್, ಮೀಡಿಯಾಟೆಕ್, ರಿಯಲ್‌ಟೆಕ್ ಮುಂತಾದ ಕೆಲವೇ ಸಂಸ್ಥೆಗಳಿಂದ ಎಲ್ಲರೂ ಕೊಳ್ಳುತ್ತಾರೆ. ಹೊರಗಿನ ಹೆಸರು ಬೇರೆಯಾಗಿದ್ದು ಒಳಗಿನ ಚಿಪ್ ಒಂದೇ ಆಗಿರುವುದುಂಟು. ಹೊರಗಿನ ಹೆಸರು ಒಂದೇ ಆಗಿದ್ದು ಒಳಗೆಲ್ಲ ಬದಲಾಗಿರುವುದೂ ಉಂಟು.

ಎರಡನೆಯದಕ್ಕೆ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ಮಾದರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2002ರ ಕೊನೆಗೆ ಬಂದ, ಎರಡು ಆಂಟೆನಾಗಳ, ನೀಲಿ-ಕಪ್ಪು ಬಣ್ಣದ ಈ ಪೆಟ್ಟಿಗೆ ಜಗತ್ತಿನಾದ್ಯಂತ ಮನೆಮಾತಾಯಿತು. ಅದರೊಳಗಿದ್ದದ್ದು ಲಿನಕ್ಸ್. ಅದರ ಮೂಲ ಕೋಡ್ ಹೊರಬಂದ ಮೇಲೆ ಹವ್ಯಾಸಿಗಳು ಅದನ್ನು ತಿದ್ದಿ ಬೆಳೆಸಿದರು. ಇಂದಿಗೂ ಬಳಕೆಯಲ್ಲಿರುವ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಹುಟ್ಟಿದ್ದು ಹಾಗೆ. 2005ರಲ್ಲಿ ಅದೇ ಮಾದರಿಯ ಐದನೇ ಆವೃತ್ತಿ ಬಂತು. ಹೆಸರು ಬದಲಾಗಲಿಲ್ಲ, ರೂಪ ಬದಲಾಗಲಿಲ್ಲ. ಒಳಗಿನ ಮೆಮೊರಿ ಅರ್ಧಕ್ಕೆ ಇಳಿದಿತ್ತು, ಲಿನಕ್ಸ್ ಜಾಗಕ್ಕೆ ಬೇರೆ ತಂತ್ರಾಂಶ ಬಂದಿತ್ತು. ವ್ಯತ್ಯಾಸ ತಿಳಿಯಬೇಕಾದರೆ ಪೆಟ್ಟಿಗೆಯನ್ನು ಮಗುಚಿ, ತಳದ ಚೀಟಿಯಲ್ಲಿ ಸಣ್ಣಕ್ಷರದ ಆವೃತ್ತಿ ಸಂಖ್ಯೆ ಓದಬೇಕಿತ್ತು. ಕಂಪನಿಯ ಒಡೆತನವೂ ನಿಂತಲ್ಲಿ ನಿಲ್ಲಲಿಲ್ಲ. 2003ರಲ್ಲಿ ಸಿಸ್ಕೊ ಕೊಂಡಿತು, 2013ರಲ್ಲಿ ಬೆಲ್ಕಿನ್, 2018ರಲ್ಲಿ ಬೆಲ್ಕಿನ್ ಸಮೇತ ಫಾಕ್ಸ್‌ಕಾನ್ ಬಳಗದ ಸಂಸ್ಥೆ. ಇಷ್ಟು ಕೈ ಬದಲಾದ ಹೆಸರನ್ನೇ ನೆಚ್ಚಿಕೊಂಡು ಯಾವುದನ್ನು ನಂಬಬೇಕು?

ಡಬ್ಬದ ಮೇಲಿನ ಅಂಕಿಗಳದೂ ಇದೇ ಕಥೆ. ‘ಎಸಿ1200’ ಎಂದು ದಪ್ಪಕ್ಷರದಲ್ಲಿ ಅಚ್ಚಾದದ್ದನ್ನು ನೋಡಿ 1200 ಎಂಬಿಪಿಎಸ್ ವೇಗ ಸಿಗುತ್ತದೆ ಎಂದುಕೊಳ್ಳುವವರು ಬಹಳ. ಅದು 2.4 ಗಿಗಾಹರ್ಟ್ಸ್ ತರಂಗದ 300ನ್ನೂ 5 ಗಿಗಾಹರ್ಟ್ಸಿನ 867ನ್ನೂ ಕೂಡಿಸಿ, ಮೇಲಕ್ಕೆ ಸರಿಸಿದ ಲೆಕ್ಕ. ಒಂದು ಲ್ಯಾಪ್‌ಟಾಪ್ ಒಮ್ಮೆಗೆ ಈ ಎರಡರಲ್ಲಿ ಒಂದನ್ನು ಮಾತ್ರ ಹಿಡಿಯುತ್ತದೆ, ಅದೂ ಕಾಗದದ ಮೇಲಿನ ವೇಗದಲ್ಲಿ ಅಲ್ಲ. ಕಡಿಮೆ ಬೆಲೆಯ ಹಲವು ಎಸಿ1200 ರೌಟರುಗಳ ಹಿಂಬದಿಯಲ್ಲಿರುವ ಕೇಬಲ್ ಪೋರ್ಟುಗಳು 100 ಎಂಬಿಪಿಎಸ್‌ಗೇ ಸೀಮಿತ. ಇಂಥದ್ದನ್ನು ಇಟ್ಟುಕೊಂಡು 200ರ ಪ್ಲಾನಿಗೆ ದುಡ್ಡು ಕಟ್ಟಿದರೆ ಅರ್ಧ ದುಡ್ಡು ಗೋಡೆಯ ಹೊರಗೇ ಉಳಿಯಿತು. ‘ಗಿಗಾಬಿಟ್ ಪೋರ್ಟ್ ಇದೆಯೇ?’ ಎಂದು ಕೇಳುವುದು ಕಂಪನಿಯ ಹೆಸರು ಕೇಳುವುದಕ್ಕಿಂತ ಹೆಚ್ಚು ಪ್ರಯೋಜನದ್ದು.

ಆಂಟೆನಾಗಳ ಸಂಖ್ಯೆಯಿಂದಲೂ ದೂರ ಹೆಚ್ಚುವುದಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರ ಜನವರಿಯಲ್ಲಿ ಲೈಸೆನ್ಸಿನಿಂದ ಮುಕ್ತವಾಯಿತು. ಆದರೆ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ನಿಯಮ ಕಟ್ಟಿದ ಮಿತಿ ಎಲ್ಲ ಕಂಪನಿಗಳಿಗೂ ಒಂದೇ. ಇನ್ನು, ರೌಟರ್ ಕಳಿಸಿದ್ದು ಮೊಬೈಲಿಗೆ ಮುಟ್ಟಿದರೆ ಸಾಲದು, ಮೊಬೈಲಿನ ಉತ್ತರವೂ ರೌಟರಿಗೆ ಮುಟ್ಟಬೇಕು. ಅಂಗೈಯಲ್ಲಿರುವ ಫೋನಿನ ಪುಟ್ಟ ಆಂಟೆನಾ ಕಳಿಸುವ ಸಂಕೇತ ಬಹಳ ಕ್ಷೀಣ.

ಈ ಸೀಮೆಯ ಹಳೆಯ ಹೆಂಚಿನ ಮನೆಯನ್ನೇ ತೆಗೆದುಕೊಳ್ಳಿ. ಮಣ್ಣಿನ ಗೋಡೆ ಮೊಳದಷ್ಟು ದಪ್ಪ. ಕೇಬಲ್‌ನವರು ಫೈಬರ್ ತಂದು ನಡುಮನೆಯ ಮೂಲೆಯಲ್ಲಿ, ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಪೆಟ್ಟಿಗೆ ಇಟ್ಟು ಹೋಗಿರುತ್ತಾರೆ. ಬೀರು ಒಂದು ಕಡೆಯ ಸಿಗ್ನಲನ್ನು ತಡೆಯುತ್ತದೆ, ಗೋಡೆ ಇನ್ನೊಂದು ಕಡೆಯದನ್ನು ನುಂಗುತ್ತದೆ. 5 ಗಿಗಾಹರ್ಟ್ಸ್ ತರಂಗ ವೇಗವಾದದ್ದು, ಆದರೆ ಅಂಥ ಗೋಡೆ ಎರಡು ದಾಟುವಷ್ಟರಲ್ಲಿ ಸೋಲುತ್ತದೆ, 2.4 ಸ್ವಲ್ಪ ದೂರ ಹೋಗುತ್ತದೆ. ಆರು ಆಂಟೆನಾದ ದುಬಾರಿ ರೌಟರನ್ನು ಅದೇ ಮೂಲೆಯಲ್ಲಿಟ್ಟರೆ ಹಿಂದಿನ ಕೋಣೆಯಲ್ಲಿ ಓದುವ ಹುಡುಗಿಗೆ ಏನೂ ಹೆಚ್ಚಾಗಿ ಸಿಗದು. ಪೆಟ್ಟಿಗೆಯನ್ನು ಆಳೆತ್ತರಕ್ಕೆ, ಮನೆಯ ನಡುವಿನ ಬಾಗಿಲ ಹತ್ತಿರಕ್ಕೆ ತಂದರೆ ಸಿಗುತ್ತದೆ. ಮನೆ ದೊಡ್ಡದಾಗಿದ್ದರೆ ಒಂದು ಲ್ಯಾನ್ ಕೇಬಲ್ ಎಳೆದು, ಹಿಂಭಾಗದಲ್ಲಿ ಅಗ್ಗದ ಎರಡನೇ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಇಟ್ಟರೆ ಇನ್ನೂ ಚೆನ್ನಾಗಿ ಸಿಗುತ್ತದೆ.

ಕರೆಂಟಿನ ವಿಚಾರ ಬೇರೆಯೇ ಇದೆ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ ಗುಡ್ಡದ ಊರುಗಳಲ್ಲಿ ರೌಟರಿಗೆ ಅಪಾಯ ಬರುವುದು ಹೆಚ್ಚಾಗಿ ಅಡಾಪ್ಟರಿನ ದಾರಿಯಲ್ಲಿ. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಪ್ಲಗ್ ಕೀಳುವುದೇ ಮದ್ದು. ಸುಟ್ಟ ಅಡಾಪ್ಟರಿಗೆ ಬದಲು ತರುವಾಗ ರೌಟರಿನ ತಳದಲ್ಲಿ 9 ವೋಲ್ಟ್ ಎಂದಿದೆಯೋ 12 ಎಂದಿದೆಯೋ ನೋಡಿಕೊಂಡು ಹೋಗಬೇಕು. ಸಿಡಿಲಿಗೆ ಸುಟ್ಟದ್ದಕ್ಕೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಉಳಿಯುವ ಒಂದು ಸಂಗತಿ ಮನೆಯವರ ಕೈಯಲ್ಲಿಲ್ಲ, ಅಂಗಡಿಯವನ ಕೈಯಲ್ಲೂ ಇಲ್ಲ. ರೌಟರ್ ಎಂದರೆ ಒಂದು ಸಣ್ಣ ಕಂಪ್ಯೂಟರ್. ಅದರ ತಂತ್ರಾಂಶದಲ್ಲಿ ತೂತುಗಳು ಕಾಣುತ್ತಲೇ ಇರುತ್ತವೆ, ಅವನ್ನು ಮುಚ್ಚುವ ಅಪ್‌ಡೇಟ್ ಕಂಪನಿಯಿಂದಲೇ ಬರಬೇಕು. 2018ರ ಮೇ ತಿಂಗಳಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ಕುತಂತ್ರಾಂಶ ಬಯಲಿಗೆ ಬಂದಾಗ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಉಪಕರಣಗಳು ಅದರ ಹಿಡಿತದಲ್ಲಿದ್ದವು. ಲಿಂಕ್‌ಸಿಸ್, ನೆಟ್‌ಗಿಯರ್, ಟಿಪಿ-ಲಿಂಕ್, ಮೈಕ್ರೊಟಿಕ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಭದ್ರತೆಯ ಲೋಪಕ್ಕಾಗಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಏಸೂಸ್ ಮೇಲೆ ದೂರು ಹೊರಿಸಿ 2016ರಲ್ಲಿ, ಡಿ-ಲಿಂಕ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ರಾಜಿಗೆ ಬಂತು. 2025ರ ಮೇನಲ್ಲಿ ಎಫ್‌ಬಿಐ ಕೊಟ್ಟ ಎಚ್ಚರಿಕೆ, ಕಂಪನಿಗಳು ಅಪ್‌ಡೇಟ್ ನಿಲ್ಲಿಸಿಬಿಟ್ಟ ಹಳೆಯ ರೌಟರುಗಳನ್ನು ಅಪರಾಧಿಗಳು ತಮ್ಮ ಗುರುತು ಮರೆಸಲು ಬಳಸುತ್ತಿದ್ದಾರೆ ಎಂಬುದು. ಇವುಗಳಲ್ಲಿ ಯಾವ ಹೆಸರೂ ಬೇರೆ ಹೆಸರಿಗಿಂತ ಶುದ್ಧವಾಗಿ ಉಳಿದಿಲ್ಲ. ಒಂದು ಮಾದರಿಗೆ ಎಲ್ಲಿಯವರೆಗೆ ಅಪ್‌ಡೇಟ್ ಬರುತ್ತದೆ ಎಂಬುದೇ ಸುರಕ್ಷಿತವಾದದ್ದಕ್ಕೂ ಅಲ್ಲದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ.

ದೊಡ್ಡಗಾಜನೂರಿನಂಥ ಊರಿಗೆ ಈ ಮಾತು ಪಟ್ಟಣಕ್ಕಿಂತ ಹೆಚ್ಚು ಅನ್ವಯ. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಇಲ್ಲಿಂದ ಅಪಹರಿಸಿದಾಗ ಸುದ್ದಿ ಸರ್ಕಾರಕ್ಕೆ ಮುಟ್ಟಿದ್ದು ಅವರ ಪತ್ನಿ ಪಾರ್ವತಮ್ಮನವರು ರಸ್ತೆ ಹಿಡಿದು ಬೆಂಗಳೂರಿಗೆ ಒಯ್ದ ಕ್ಯಾಸೆಟ್ಟಿನಿಂದ. ಇವತ್ತು ಜಮೀನಿನ ಪಟ್ಟಾ-ಚಿಟ್ಟಾ ತೆಗೆಯುವುದು, ಬ್ಯಾಂಕಿನ ಹಣ ಕಳಿಸುವುದು, ಮಕ್ಕಳ ಪಾಠ, ಮಂಡಿಯ ರೇಟು ಎಲ್ಲ ಅದೇ ಪೆಟ್ಟಿಗೆಯ ಮೂಲಕ ಹಾಯುತ್ತವೆ. ಪಟ್ಟಣದವರು ಮೂರ್ನಾಲ್ಕು ವರ್ಷಕ್ಕೆ ರೌಟರ್ ಬದಲಿಸಬಹುದು. ಬೆಳೆಗೆ ಬಂದ ಬೆಲೆ ನೋಡಿ ಖರ್ಚು ಮಾಡುವ ರೈತನ ಮನೆಯಲ್ಲಿ ಅದು ಕೆಡುವವರೆಗೂ ಇರುತ್ತದೆ. ದೀಪ ಮಿನುಗುತ್ತಿದೆ, ಯೂಟ್ಯೂಬ್ ಓಡುತ್ತಿದೆ ಎಂದರೆ ಎಲ್ಲ ಸರಿಯಿದೆ ಎಂದೇ ಅರ್ಥ. ಒಳಗಿನ ಬೀಗ ಎಂದೋ ಸಡಿಲವಾಗಿದೆ ಎಂದು ಅವರಿಗೆ ತಿಳಿಸುವವರು ಯಾರೂ ಇಲ್ಲ. ತಿಳಿಸುವ ಸೂಚನೆ ಇದ್ದರೂ ಬಹುಪಾಲು ಇಂಗ್ಲಿಷಿನಲ್ಲಿ.

ಔಷಧಿಯ ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳು ಇರುವ ಹಾಗೆ ರೌಟರ್ ಡಬ್ಬದ ಮೇಲೆ ‘ಭದ್ರತಾ ಅಪ್‌ಡೇಟ್ ಇಂಥ ತಾರೀಖಿನವರೆಗೆ’ ಎಂದು ಅಚ್ಚಾಗಬೇಕು. ಇದು ಆಗದ ಕೆಲಸವಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನು, ಕನಿಷ್ಠ ಎಷ್ಟು ಕಾಲ ಅಪ್‌ಡೇಟ್ ಕೊಡುತ್ತೇವೆ ಎಂದು ತಯಾರಕರು ಪ್ರಕಟಿಸಲೇಬೇಕು ಎನ್ನುತ್ತದೆ. ಎಲ್ಲ ಪೆಟ್ಟಿಗೆಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದನ್ನೂ ನಿಷೇಧಿಸಿದೆ. ನಮ್ಮಲ್ಲಿ 2011ರ ಪೊಟ್ಟಣ ನಿಯಮಗಳ ಪ್ರಕಾರ ಎಂಆರ್‌ಪಿ, ದೂರಿಗೆ ಸಂಪರ್ಕದ ವಿಳಾಸ ಈಗಾಗಲೇ ಡಬ್ಬದ ಮೇಲೆ ಇರುತ್ತವೆ. ಅಲ್ಲಿಗೆ ಇನ್ನೊಂದು ಸಾಲು ಸೇರಿಸಲು ಬೇಕಿರುವುದು ಆದೇಶ ಮಾತ್ರ. ಟೆಲಿಕಾಂ ಉಪಕರಣಗಳ ಭದ್ರತಾ ಪರೀಕ್ಷೆಯನ್ನು ನೋಡಿಕೊಳ್ಳುವ ಕೇಂದ್ರದ ಎನ್‌ಸಿಸಿಎಸ್ ಕಚೇರಿ ಬೆಂಗಳೂರಿನಲ್ಲೇ ಇದೆ. ಕರ್ನಾಟಕದ, ತಮಿಳುನಾಡಿನ ಸಂಸದರು ಈ ಬೇಡಿಕೆಯನ್ನು ಒಟ್ಟಾಗಿಯೇ ಕೇಳಬಹುದು.

ಅದು ಆಗುವವರೆಗೆ ಅಂಗಡಿಯಲ್ಲೇ ಮೊಬೈಲ್ ತೆಗೆದು, ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಹೆಸರು ಮತ್ತು ಆವೃತ್ತಿ ಸಂಖ್ಯೆ ಹುಡುಕಿ, ಕೊನೆಯ ಫರ್ಮ್‌ವೇರ್ ಯಾವ ತಾರೀಖಿನದು ಎಂದು ನೋಡುವುದು ಐದು ನಿಮಿಷದ ಕೆಲಸ. ಎರಡು ವರ್ಷದಿಂದ ಏನೂ ಬಂದಿಲ್ಲವೆಂದರೆ, ಎಷ್ಟೇ ಹೆಸರಾಂತ ಕಂಪನಿಯದಾದರೂ ಆ ಡಬ್ಬ ಬೇಡ. ಫೈಬರ್ ಕೊಟ್ಟವರೇ ರೌಟರನ್ನೂ ಇಟ್ಟು ಹೋಗಿದ್ದರೆ ಅಪ್‌ಡೇಟ್ ಯಾರು ಹಾಕುತ್ತಾರೆ, ಕೆಟ್ಟರೆ ಎಷ್ಟು ದಿನದಲ್ಲಿ ಬದಲಿ ಕೊಡುತ್ತಾರೆ ಎಂದು ಅವರನ್ನು ಮೊದಲ ದಿನವೇ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಬೇಕು.