ಗೋಡೆಗೇರಿದ ಕಟ್ಟಿಗೆ, ಲೆಕ್ಕಕ್ಕೇರದ ಕೂಲಿ

ಅಮರಗೋಳವೆಂದೊಡನೆ ನಮ್ಮ ವರ್ತಕ ಬಾಂಧವರಿಗೆ ನೆನಪಾಗುವುದು ಕೃಷಿ ಮಾರುಕಟ್ಟೆಯ ಪ್ರಾಂಗಣ. ಅಲ್ಲಿನ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ. ಅದೇ ಊರಿನ ಕೆಲವು ಮನೆಗಳಲ್ಲಿ ಸದ್ದಿಲ್ಲದೆ ನಡೆಯುವ ಇನ್ನೊಂದು ಗೃಹೋದ್ಯೋಗದತ್ತ ಗಮನ ಸೆಳೆಯುವುದು ಈ ಲೇಖನದ ಉದ್ದೇಶ. ಬಡಿಗರ ಕೆಲಸದಲ್ಲಿ ಉಳಿದ ತೇಗದ ತುಂಡುಗಳನ್ನೂ ಸರಕಿನೊಡನೆ ಬಂದ ಪೆಟ್ಟಿಗೆಗಳ ಹಲಗೆಗಳನ್ನೂ ಕೊಯ್ದು, ಉಜ್ಜಿ, ಜೋಡಿಸಿ, ಬಣ್ಣ ಹಚ್ಚಿ, ಗೋಡೆಗೆ ತೂಗುಹಾಕುವ ಅಲಂಕಾರಿಕ ಫಲಕಗಳನ್ನು ಸಿದ್ಧಪಡಿಸುವ ಕೆಲಸವದು.

ಕೆಲವು ವರ್ಷಗಳ ಹಿಂದೆ ಅಲ್ಲಿನ ಗೃಹಿಣಿಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಪತಿ ಬಡಿಗತನ ಮಾಡುವವರು. ಅವರು ತರುವ ತುಂಡುಗಳಿಂದ ಈಕೆ ಫಲಕಗಳನ್ನು ಮಾಡಿ ಅಂಗಡಿಯೊಂದಕ್ಕೆ ಕೊಡುತ್ತಿದ್ದರು. ಜಿಎಸ್‌ಟಿ ನೋಂದಣಿ ಬೇಕೆ ಎಂಬುದಷ್ಟೇ ಅವರ ಪ್ರಶ್ನೆ. ಬೇಡವೆಂದು ಹೇಳಿ ಐದು ನಿಮಿಷದಲ್ಲಿ ಕಳುಹಿಸಿಕೊಟ್ಟೆ. ವರ್ಷದ ನಂತರ ಮತ್ತೆ ಕಂಡಾಗ ಅವರು ಕೆಲಸವನ್ನೇ ನಿಲ್ಲಿಸಿದ್ದರು. "ಮಾಲು ಹೋಗ್ತಿತ್ರಿ ಸಾಹೇಬ್ರ, ಕೈಯಾಗ ರೊಕ್ಕ ಉಳೀಲಿಲ್ಲ ನೋಡ್ರಿ" ಎಂದರು. ಅವರ ಖರ್ಚಿನ ವಹಿಯನ್ನು ಆಗ ತರಿಸಿ ನೋಡಿದೆ. ಮೊದಲ ದಿನವೇ ನೋಡಬೇಕಾಗಿತ್ತು.

ಎರಡು ಅಡಿ ಉದ್ದದ ಒಂದು ಫಲಕಕ್ಕೆ ಕಟ್ಟಿಗೆ 110 ರೂ.; ಅಂಟು, ಸ್ಯಾಂಡ್ ಪೇಪರ್, ವಾರ್ನಿಷ್ 95 ರೂ.; ಕೊಕ್ಕೆ ಮತ್ತು ಪ್ಯಾಕಿಂಗ್ 55 ರೂ.; ವಿದ್ಯುತ್ ಹಾಗೂ ಬ್ಲೇಡಿನ ಸವಕಳಿ 20 ರೂ. ಒಟ್ಟು 280 ರೂ. ಅಂಗಡಿಗೆ ಕೊಟ್ಟ ದರ 450 ರೂ. ಉಳಿದ 170 ರೂಪಾಯಿಯನ್ನು ಆಕೆ ಲಾಭವೆಂದು ಬರೆದುಕೊಂಡಿದ್ದರು. ಒಂದು ಫಲಕಕ್ಕೆ ಹಿಡಿಯುವ ಸಮಯವನ್ನು ಕೇಳಿದೆ. ಆರು ತಾಸು ಎಂದರು. ಎಂದರೆ ತಾಸಿಗೆ ಸುಮಾರು 28 ರೂ. ತಾಸಿಗೆ 60 ರೂ. ಕೂಲಿ ಹಿಡಿದರೂ ತಯಾರಿಕಾ ವೆಚ್ಚ 640 ರೂ. ಆಗುತ್ತದೆ. ಪ್ರತಿ ಫಲಕದ ಮೇಲೆ 190 ರೂ. ನಷ್ಟ. ಅದೇ ಫಲಕ ಅಂಗಡಿಯಲ್ಲಿ 1,100 ರೂಪಾಯಿಗೆ ಮಾರಾಟವಾಗುತ್ತಿತ್ತು. ಹಣ ಕೈಸೇರಲು ನಾಲ್ಕು ತಿಂಗಳು ಹಿಡಿಯುತ್ತಿತ್ತು.

ಅಂಗಡಿಕಾರರಿಗೂ ಬಾಡಿಗೆ, ನೌಕರರ ವೇತನಗಳಿವೆ ಎಂಬುದನ್ನು ನಾನು ಬಲ್ಲೆ. ಆದರೆ ತಯಾರಿಸಿದವರಿಗೆ 720 ರೂ. ಕೊಟ್ಟು ಅದೇ 1,100 ರೂಪಾಯಿಗೆ ಮಾರಿದರೂ ಅಂಗಡಿಗೆ 380 ರೂ., ಅಂದರೆ ಖರೀದಿ ಬೆಲೆಯ ಅರ್ಧಕ್ಕಿಂತ ಹೆಚ್ಚು, ಉಳಿಯುತ್ತದೆ. ಗ್ರಾಹಕರು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ. ಮನೆಯಲ್ಲಿ ಕುಳಿತು ಮಾಡುವ ಹೆಂಗಸರ ದುಡಿಮೆಗೆ ಬೆಲೆಯಿಲ್ಲವೆಂಬ ಭಾವನೆಯೇ ಇಲ್ಲಿನ ಮೂಲ ದೋಷ. ದುಡಿಯುವವರೂ ಇದನ್ನು ಒಪ್ಪಿಕೊಂಡಿರುವುದು ವಿಷಾದದ ಸಂಗತಿ.

ಕಾನೂನು ಇಂಥವರಿಗೆ ಪ್ರತಿಕೂಲವಾಗಿಲ್ಲ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಅಗತ್ಯವಿಲ್ಲ. ಇಂಥ ಸಣ್ಣ ಮಾರಾಟಗಾರರು ನೋಂದಣಿಯ ಬದಲು ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ರಾಜ್ಯದೊಳಗೆ ಇ-ವಾಣಿಜ್ಯ ಜಾಲತಾಣಗಳ ಮೂಲಕವೂ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಮರದ ಅಲಂಕಾರಿಕ ವಸ್ತುಗಳ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ಇದರಲ್ಲಿ ತರಬೇತಿ, ಉಪಕರಣಗಳಿಗೆ 15,000 ರೂ. ನೆರವು, ಮೊದಲ ಹಂತದಲ್ಲಿ ಶೇ. 5ರ ಬಡ್ಡಿಗೆ 1 ಲಕ್ಷ ರೂ.ವರೆಗೆ ಸಾಲ ದೊರೆಯುತ್ತವೆ. ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಈ ಸೌಲಭ್ಯ.

ಎಲ್ಲಕ್ಕಿಂತ ಮುಖ್ಯವಾದುದು ಉದ್ಯಮ ನೋಂದಣಿ. ಇದಕ್ಕೆ ಶುಲ್ಕವಿಲ್ಲ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಂದ ಮಾಲು ಖರೀದಿಸಿದವರು ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಇಲ್ಲವಾದರೆ 15 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯಿದೆ ವಿಧಿಸುತ್ತದೆ. ಅವಧಿ ಮೀರಿದರೆ ಆ ಖರೀದಿಯ ವೆಚ್ಚವನ್ನು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದೆಂಬ ನಿಯಮ 2023-24ನೇ ಆರ್ಥಿಕ ವರ್ಷದಿಂದ ಜಾರಿಯಲ್ಲಿದೆ. ಆದ್ದರಿಂದ ಬಾಕಿ ಉಳಿಸಿಕೊಳ್ಳುವುದು ವರ್ತಕರ ಜೇಬಿಗೂ ಹೊರೆ.

ತಯಾರಕರಿಗೂ ಎರಡು ಮಾತು. ಅಗ್ಗದ ಎಂಡಿಎಫ್ ಫಲಕಗಳೊಡನೆ ಬೆಲೆಯಲ್ಲಿ ಸ್ಪರ್ಧಿಸಿ ಗೆಲ್ಲಲಾಗದು. ವಿನ್ಯಾಸದಲ್ಲಿ ಗೆಲ್ಲಬಹುದು. ಧಾರವಾಡದ ಕಸೂತಿಯ ಗೋಪುರ, ತೇರು, ನವಿಲುಗಳು ಎಳೆ ಎಣಿಸಿ ಹೊಲಿದ ನೇರ ಗೆರೆಗಳ ಚಿತ್ತಾರಗಳಾದ್ದರಿಂದ ಕಟ್ಟಿಗೆಯ ಪಟ್ಟಿಗಳಲ್ಲಿ ಜೋಡಿಸಲು ತಕ್ಕುದಾಗಿವೆ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯದ ಜಾಲಂಧ್ರಗಳು ಕಣ್ಣೆದುರಿಗೇ ಇವೆ. ಹೊರದೇಶದ ಮಾದರಿಗಳ ನಕಲು ನಮಗೇಕೆ? ಇನ್ನು, ಆಮದು ಸರಕಿನ ಪ್ಯಾಲೆಟ್ ಹಲಗೆಯನ್ನು ಬಳಸುವವರು ಅದರ ಮುದ್ರೆಯನ್ನು ಪರೀಕ್ಷಿಸಬೇಕು. ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲಕ್ಕೆ ಒಡ್ಡಿದ್ದು. ಎರಡನೆಯದನ್ನು ಮನೆಯೊಳಗೆ ತರಬಾರದು.

ಗೃಹೋದ್ಯೋಗ ನಡೆಸುವವರಿಗಾಗಿ ತಿಂಗಳಿಗೊಂದು ದಿನ ವೆಚ್ಚದ ಲೆಕ್ಕ ಹಾಕುವುದನ್ನು ಕಲಿಸುವ ಉಚಿತ ಶಿಬಿರವನ್ನು ನಮ್ಮ ಸಂಸ್ಥೆ ಏರ್ಪಡಿಸಬೇಕೆಂದು ವಿನಂತಿಸುತ್ತೇನೆ. ಕಚ್ಚಾವಸ್ತುವಿನ ಬೆಲೆ, ದುಡಿದ ತಾಸು, ಹಣ ಬಂದ ದಿನ ಎಂಬ ಮೂರು ಅಂಕಣಗಳ ಒಂದು ವಹಿ ಸಾಕು. ಮೊದಲ ಶಿಬಿರಕ್ಕೆ ನಾನು ಬರುತ್ತೇನೆ. ಅಂದು ಆ ತಾಯಿಗೆ ಐದು ನಿಮಿಷದ ಬದಲು ಅರ್ಧ ತಾಸು ಕೊಟ್ಟಿದ್ದರೆ, ಅಮರಗೋಳದ ಆ ಮನೆಯಲ್ಲಿ ಇಂದಿಗೂ ಗರಗಸದ ಸದ್ದು ಕೇಳುತ್ತಿತ್ತೇನೋ.