ನಿಂಬರ್ಗಾದ ಮಾತು ವಿಧಾನಸಭೆ ಮುಟ್ಟುವುದು ಎಂದು?

ಮತದಾರರ ಯಾದಿಯಿಂದ ಹೆಸರು ತೆಗೆಸಲು ಆಳಂದ ಮತಕ್ಷೇತ್ರದಲ್ಲಿ 2023ರ ಚುನಾವಣೆಗೆ ಮೊದಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಿದ್ದಿದ್ದವು. ತಪಾಸಣೆ ಮಾಡಿದಾಗ ಖರೇ ಇದ್ದವು ಬರೇ 24. ಉಳಿದ 5,994 ತಿರಸ್ಕಾರಗೊಂಡವು. ಪ್ರಕರಣ ಪೊಲೀಸರತನಕ ಹೋಯಿತು, ದೇಶದ ತುಂಬ ಸುದ್ದಿಯಾಯಿತು. ಹೆಸರುಗಳು ಉಳಿದದ್ದು ಒಳ್ಳೆಯದೇ. ಆದರೆ ಆ ಓಟು ಪಡೆದು ಬೆಂಗಳೂರಿಗೆ ಹೋದವರು ಅಲ್ಲಿ ಮಾಡುವ ಕೆಲಸವೇನು ಎಂದು ನಿಂಬರ್ಗಾ ಹೋಬಳಿಯಲ್ಲಿ ಕೇಳುವವರು ಎಷ್ಟು ಮಂದಿ?

ಇಲ್ಲಿಯ ಜನಕ್ಕೆ ಶಾಸಕರೆಂದರೆ ಮದುವಿಗೆ, ಜಾತ್ರಿಗೆ, ಮಣ್ಣಿಗೆ ಬರುವವರು. ವರ್ಗಾವಣೆಗೆ ಚೀಟಿ ಕೊಡುವವರು. ‘ಸಾಹೇಬ್ರು ನಮ್ಮ ಮನಿಗೆ ಬಂದಿದ್ರು’ ಎಂದರೆ ಅಂಗಡಿ ಕಟ್ಟೆಯ ಮೇಲೆ ನಾಲ್ಕು ದಿನ ಅದೇ ಮಾತು. ಬರಲಿ, ಬೇಡ ಎನ್ನುವವರಾರು? ಆದರೆ ಸಂವಿಧಾನ ಅವರಿಗೆ ಹಚ್ಚಿದ ಕೆಲಸ ಬೇರೆ ಅದ.

ವಿಧಾನಸಭೆಯಲ್ಲಿ 224 ಮಂದಿ. ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 23 ಮಂದಿ ಕೂತರೆ ಸಾಕು, ಸದನ ನಡೆಯುತ್ತದೆ. ಈ 23ಕ್ಕೂ ಗಂಟೆ ಬಾರಿಸಿ ಕಾಯಬೇಕಾಗುವುದುಂಟು! ದಿನದ ಆರಂಭಕ್ಕೆ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಿಂದಲೇ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಿ ಜಗ್ಗಲೂಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ. ಸಂಜೆ ಬಸ್ಸು ಯಾಕೆ ತಪ್ಪಿತು, ರಸ್ತೆಯ ದುಡ್ಡು ಎಲ್ಲಿ ಹೋಯಿತು, ತೊಗರಿ ಖರೀದಿ ಕೇಂದ್ರ ಯಾವಾಗ ತೆರೆಯಿತು, ಎಲ್ಲವನ್ನೂ ಇಲ್ಲಿ ಕೇಳಬಹುದು. ತಹಶೀಲ ಕಚೇರಿಯಲ್ಲಿ ಆರು ತಿಂಗಳು ಅಲೆದರೂ ಸಿಗದ ಕಾಗದ ಸದನದ ಒಂದು ಪ್ರಶ್ನೆಗೆ ಮಂತ್ರಿಯ ಸಹಿಯೊಂದಿಗೆ ಸಿಗುತ್ತದೆ.

ಇನ್ನು ರೊಕ್ಕದ ಮಾತು. ಹಣಕಾಸಿನ ಮಸೂದೆ ಹುಟ್ಟುವುದು ವಿಧಾನಸಭೆಯಲ್ಲೇ. ಮೇಲ್ಮನೆ ಅದನ್ನು ಹೆಚ್ಚೆಂದರೆ 14 ದಿನ ಇಟ್ಟುಕೊಳ್ಳಬಹುದು. ಅಂದಮೇಲೆ ರಾಜ್ಯದ ತಿಜೋರಿಯ ಕೀಲಿಕೈ ಈ 224 ಮಂದಿಯ ಉಡಿಯಲ್ಲೇ ಅದ. ಇಲಾಖೆ ಇಲಾಖೆಯ ಬೇಡಿಕೆ ಮುಂದಿಟ್ಟಾಗ ಎದ್ದು ಮಾತಾಡದವರು, ಊರಿಗೆ ಬಂದು ‘ಅನುದಾನ ಬರ್ಲಿಲ್ಲ ನೋಡ್ರಿ’ ಎಂದರೆ ನಂಬುವುದು ಹೇಗೆ?

2025ರ ಮಾರ್ಚ್ 21ರಂದು ಏನಾಯಿತು? ವಿರೋಧ ಪಕ್ಷದವರು ಸಭಾಧ್ಯಕ್ಷರ ಪೀಠದತ್ತ ನುಗ್ಗಿ ಕಾಗದ ಹರಿದು ತೂರಿದರು. 18 ಶಾಸಕರು ಆರು ತಿಂಗಳು ಅಮಾನತಾದರು, ಮಾರ್ಷಲ್‌ಗಳು ಹೊತ್ತು ಹೊರಗೆ ಹಾಕಿದರು. ಮೇ ತಿಂಗಳಲ್ಲಿ ಆ ಅಮಾನತು ವಾಪಸಾಯಿತು, ಅದು ಬೇರೆ ಮಾತು. ಗಮ್ಮತ್ತೆಂದರೆ ಅದೇ ದಿನ, ಅದೇ ಗದ್ದಲದಲ್ಲಿ, ಶಾಸಕರ ತಿಂಗಳ ಸಂಬಳ 40,000ದಿಂದ 80,000 ರೂಪಾಯಿಗೆ ಏರಿಸುವ ಮಸೂದೆ ಚರ್ಚೆಯೇ ಇಲ್ಲದೆ ಪಾಸಾಯಿತು! ಅಂಗಡಿಕಾರ ಆಳಿನ ಪಗಾರ ಹತ್ತು ರೂಪಾಯಿ ಏರಿಸಬೇಕಾದರೂ ಎರಡು ದಿನ ಲೆಕ್ಕ ಹಾಕುತ್ತಾನೆ.

ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ಇದೇ ಸದನ ಕಾಯ್ದೆ ಮಾಡಿಕೊಂಡಿದೆ. ಆ ಲೆಕ್ಕ ಮುಟ್ಟಿದ್ದು ಅಪರೂಪ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ತೆರೆದದ್ದು ಉತ್ತರದ ಮಂದಿಯ ಮಾತು ಕೇಳಲಿಕ್ಕೆ. ಅಲ್ಲಿ ಕೂಡುವುದೂ ವರ್ಷಕ್ಕೆ ಕೆಲವೇ ದಿನ.

ಸದನದಲ್ಲಿ ಮಂತ್ರಿ ‘ಮಾಡಿಸಿಕೊಡುತ್ತೇನೆ’ ಎಂದರೆ ಅದು ಗಾಳಿಮಾತಲ್ಲ. ಕೊಟ್ಟ ಭರವಸೆ ಪೂರೈಸಿದರೋ ಇಲ್ಲವೋ ನೋಡಲು ಶಾಸಕರದೇ ಭರವಸೆಗಳ ಸಮಿತಿ ಅದ. ಆದರೆ ಭರವಸೆ ದಾಖಲಾಗಬೇಕಾದರೆ ಮೊದಲು ಯಾರಾದರೂ ಎದ್ದು ಪ್ರಶ್ನೆ ಕೇಳಬೇಕಲ್ಲ. ಕಳೆದ ಅಧಿವೇಶನದಲ್ಲಿ ನಿಂಬರ್ಗಾ ಹೋಬಳಿಯ ಬಗ್ಗೆ ಎಷ್ಟು ಪ್ರಶ್ನೆ ಹೋದವು, ಏನು ಉತ್ತರ ಬಂತು? ಆ ಕಾಗದದ ನಕಲೊಂದನ್ನು ಗ್ರಾಮ ಪಂಚಾಯತಿ ಗೋಡೆಗೆ ಅಂಟಿಸಲು ಶಾಸಕರಿಗೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ.